ಮೆಕ್ಸಿಕಾಲಿಯಲ್ಲಿ ಬಿದ್ದ ಮೊಹರು

(ಚಿತ್ರಸಮಾಜವೊಂದರ ವಾರಾಂತ್ಯದ ಗೋಷ್ಠಿಯಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಇಲ್ಲಿರುವ ಹಿರಿಯರಲ್ಲಿ ಕೆಲವರಿಗಾದರೂ 'ರಫೂ ಚಕ್ಕರ್' ನೆನಪಿರಬೇಕು. 1975ರ ಹಿಂದಿ ಚಿತ್ರ. ಕೊಲೆಯೊಂದನ್ನು ಕಣ್ಣಾರೆ ಕಂಡ ಇಬ್ಬರು ವಾದ್ಯಗಾರರು ಜೀವ ಉಳಿಸಿಕೊಳ್ಳಲು ಹೆಣ್ಣುವೇಷ ಹಾಕಿ ಹುಡುಗಿಯರ ವಾದ್ಯವೃಂದದಲ್ಲಿ ಸೇರಿಕೊಳ್ಳುತ್ತಾರೆ. ರಿಷಿ ಕಪೂರ್ ಮತ್ತು ಪೈಂಟಲ್ ಆ ವೇಷದಲ್ಲಿ ಮಾಡಿದ ಅವಾಂತರಕ್ಕೆ ಥಿಯೇಟರು ನಕ್ಕಿತ್ತು. ಸ್ವಲ್ಪ ಕಿರಿಯರು 1994ರ 'ಯೇ ದಿಲ್ಲಗಿ' ನೋಡಿರುತ್ತೀರಿ. ಶ್ರೀಮಂತರ ಮನೆಯ ಡ್ರೈವರನ ಮಗಳು, ಆಕೆಯ ಹಿಂದೆ ಬೀಳುವ ಆ ಮನೆಯ ಅಣ್ಣ ತಮ್ಮ. ಮೊದಲನೆಯದಕ್ಕೆ ಮೂಲ 1959ರ 'ಸಮ್ ಲೈಕ್ ಇಟ್ ಹಾಟ್', ಎರಡನೆಯದಕ್ಕೆ 1954ರ 'ಸಬ್ರಿನಾ'. ಎರಡನ್ನೂ ಮಾಡಿದ ನಿರ್ದೇಶಕ ಒಬ್ಬನೇ, ಬಿಲ್ಲಿ ವೈಲ್ಡರ್. ಹಾಗಾಗಿ ಆತನ ಹೆಸರನ್ನೇ ಕೇಳದವರೂ ಆತನ ಹಾಸ್ಯಕ್ಕೆ ಒಮ್ಮೆಯಾದರೂ ನಕ್ಕಿದ್ದಾರೆ.

ಅಮೆರಿಕದ ಚಿತ್ರಗಳಲ್ಲಿ ಅತ್ಯಂತ ಚುರುಕಾದ ಇಂಗ್ಲಿಷ್ ಸಂಭಾಷಣೆ ಯಾರದು ಎಂದು ಕೇಳಿದರೆ ತಿಳಿದವರು ಹೇಳುವ ಮೊದಲ ಎರಡು ಮೂರು ಹೆಸರುಗಳಲ್ಲಿ ವೈಲ್ಡರ್ ಇರುತ್ತಾನೆ. ಆದರೆ 1934ರ ಜನವರಿಯಲ್ಲಿ ಈ ಮನುಷ್ಯ ಹಡಗಿನಿಂದ ನ್ಯೂಯಾರ್ಕಿನಲ್ಲಿ ಇಳಿದಾಗ ವಯಸ್ಸು 27, ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ವಯಸ್ಸಿಗೆ ಹೊಸ ಭಾಷೆ ಕಲಿತು, ಆ ಭಾಷೆಯವರಿಗೇ ಮಾತು ಬರೆದುಕೊಡುವುದು ಹೇಗೆ ಸಾಧ್ಯವಾಯಿತು? ಈ ಪ್ರಶ್ನೆಯನ್ನು ಹಿಡಿದೇ ಇವತ್ತು ಮಾತಾಡುತ್ತೇನೆ.

ನಾನು ಸಿನಿಮಾ ವಿಮರ್ಶಕನಲ್ಲ. ದಿನಬೆಳಗಾದರೆ ಪೊಲೀಸ್ ಠಾಣೆ, ಜಿಲ್ಲಾಸ್ಪತ್ರೆ, ನಗರಸಭೆ ಸುತ್ತುವ ವರದಿಗಾರ. ಸಂಘಟಕರು ಕರೆದಾಗ ಬೇಡವೆನ್ನಬೇಕು ಎಂದೇ ಇದ್ದೆ. ಒಪ್ಪಿಕೊಂಡದ್ದು ಒಂದೇ ಕಾರಣಕ್ಕೆ. ವೈಲ್ಡರ್ ಕೂಡ ಇಪ್ಪತ್ತರ ವಯಸ್ಸಿನಲ್ಲಿ ನನ್ನ ಹಾಗೆಯೇ ಬೀದಿ ಸುತ್ತುವ ವರದಿಗಾರನಾಗಿದ್ದ, ಮತ್ತು ನನ್ನ ಓದಿನ ಮಟ್ಟಿಗೆ ಹೇಳುವುದಾದರೆ, ಕೊನೆಯವರೆಗೂ ಆ ಚಾಳಿ ಆತನನ್ನು ಬಿಡಲಿಲ್ಲ.

ಹುಟ್ಟಿದ್ದು 1906ರ ಜೂನ್ 22ರಂದು, ಸುಖಾ ಎಂಬ ಸಣ್ಣ ಊರಿನಲ್ಲಿ. ಇಂದು ಆ ಊರು ಪೋಲೆಂಡಿನಲ್ಲಿದೆ, ಆಗ ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದಲ್ಲಿತ್ತು. ಯಹೂದಿ ಕುಟುಂಬ. ತಂದೆ ಮ್ಯಾಕ್ಸ್ ರೈಲು ನಿಲ್ದಾಣಗಳಲ್ಲಿ ಉಪಾಹಾರಗೃಹ ನಡೆಸುತ್ತಿದ್ದ, ಮುಂದೆ ಕ್ರಾಕೋವ್ ನಗರದಲ್ಲಿ ಹೋಟೆಲಿಟ್ಟ. ಮಗುವಿಗೆ ಇಟ್ಟ ಹೆಸರು ಸ್ಯಾಮುಯೆಲ್. ತಾಯಿ ಯುಜೀನಿಯಾ ಚಿಕ್ಕವಳಿದ್ದಾಗ ಕೆಲಕಾಲ ನ್ಯೂಯಾರ್ಕಿನಲ್ಲಿ ಬಂಧುಗಳ ಮನೆಯಲ್ಲಿದ್ದವಳು. ಬಫೆಲೊ ಬಿಲ್ ಎಂಬಾತನ ಕುದುರೆ ಸವಾರರ ತಮಾಷೆ ಅಂದರೆ ಆಕೆಗೆ ಪ್ರಾಣ. ಆ ನೆನಪಿಗೆ ಮಗನನ್ನು ಬಿಲ್ಲಿ ಎಂದು ಕರೆದಳು. ಅಮೆರಿಕದ ಹುಚ್ಚು ಮನೆಗೆ ಬಂದದ್ದು ತಾಯಿಯಿಂದ. ಆಕೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾಳೆ.

ಕುಟುಂಬ ವಿಯೆನ್ನಾಕ್ಕೆ ಬಂದು ನೆಲೆಸಿತು. ಹುಡುಗ ಕಾಲೇಜಿನ ಗೊಡವೆಗೆ ಹೋಗದೆ 1925ರ ಸುಮಾರಿಗೆ 'ಡೀ ಷ್ಟುಂಡೆ' ಎಂಬ ಪತ್ರಿಕೆಗೆ ಸೇರಿದ. ಹೆಚ್ಚು ಮರ್ಯಾದೆಯ ಪತ್ರಿಕೆಯೇನಲ್ಲ, ಗಾಳಿಸುದ್ದಿ, ಹಗರಣಗಳೇ ಜಾಸ್ತಿ. ಒಂದೇ ಬೆಳಿಗ್ಗೆ ನಾಲ್ವರು ಮಹನೀಯರ ಸಂದರ್ಶನಕ್ಕೆ ಹೋದೆ, ಅವರಲ್ಲಿ ಒಬ್ಬರು ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್, ಅವರು ಊಟದ ಮನೆಯಿಂದ ಕರವಸ್ತ್ರ ಕಟ್ಟಿಕೊಂಡೇ ಎದ್ದುಬಂದು ನನ್ನ ಕಾರ್ಡು ನೋಡಿ ಬಾಗಿಲು ತೋರಿಸಿದರು ಎಂದು ವೈಲ್ಡರ್ ಬದುಕಿನುದ್ದಕ್ಕೂ ಹೇಳುತ್ತಿದ್ದ. ಜೀವನಚರಿತ್ರೆಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಒಂದೇ ಬೆಳಿಗ್ಗೆ ನಾಲ್ವರು ದೊಡ್ಡವರು ಮನೆಯಲ್ಲಿ ಸಿಗುವುದು ವರದಿಗಾರನ ಬಾಳಿನಲ್ಲಿ ನಡೆಯುವ ಮಾತಲ್ಲ.

1926ರಲ್ಲಿ ಅಮೆರಿಕದ ಜಾಝ್ ವಾದ್ಯವೃಂದದ ನಾಯಕ ಪಾಲ್ ವೈಟ್‌ಮನ್ ವಿಯೆನ್ನಾಕ್ಕೆ ಬಂದ. ವೈಲ್ಡರ್ ಆತನ ಬೆನ್ನು ಹತ್ತಿ ಬರ್ಲಿನ್ನಿಗೆ ಹೋದವನು ಹಿಂದಿರುಗಲಿಲ್ಲ. ಬರ್ಲಿನ್ನಿನಲ್ಲಿ ಕೆಲಸವಿಲ್ಲ, ಕಾಸಿಲ್ಲ. ಒಂದು ದೊಡ್ಡ ಹೋಟೆಲಿನಲ್ಲಿ ಬಾಡಿಗೆ ನರ್ತಕನಾಗಿ ಸೇರಿಕೊಂಡ. ಒಬ್ಬಂಟಿಯಾಗಿ ಬರುವ ಹೆಂಗಸರ ಜೊತೆ ಕುಣಿಯುವುದು, ಅವರು ಕೊಟ್ಟ ಭಕ್ಷೀಸು ತೆಗೆದುಕೊಳ್ಳುವುದು ಕೆಲಸ. ಬೇರೆಯವರಾಗಿದ್ದರೆ ಇದನ್ನು ಮುಚ್ಚಿಡುತ್ತಿದ್ದರು. ಈತ 1927ರ ಜನವರಿಯಲ್ಲಿ ಆ ಅನುಭವವನ್ನೇ ಬರ್ಲಿನ್ನಿನ ಮಧ್ಯಾಹ್ನದ ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದ. ತನ್ನ ಸವೆದ ಬೂಟು, ತನ್ನ ಹಸಿವು ಎಲ್ಲವೂ ಸುದ್ದಿಯಾಯಿತು. ಮುಂದೆ ಆತನ ಚಿತ್ರಗಳಲ್ಲಿ ಬಾಡಿಗೆಗೆ ತನ್ನನ್ನು ಕೊಟ್ಟುಕೊಂಡ ಗಂಡಸರು ಮತ್ತೆ ಮತ್ತೆ ಬರುತ್ತಾರೆ. ಆ ಗಂಡಸರನ್ನು ಆತ ಬೈಯುವುದೂ ಇಲ್ಲ, ಸಮರ್ಥಿಸುವುದೂ ಇಲ್ಲ. ಅದು ಯಾಕೆಂದು ಈಗ ತಿಳಿಯಿತಲ್ಲ?

1930ರಲ್ಲಿ ಹಾಗೂ ಹೀಗೂ ದುಡ್ಡು ಹೊಂದಿಸಿ ಕೆಲವು ಗೆಳೆಯರು 'ಭಾನುವಾರದ ಜನ' ಎಂಬ ಅರ್ಥದ ಹೆಸರಿನ ಮೂಕಿಚಿತ್ರ ಮಾಡಿದರು. ನಟರಲ್ಲದ ಐವರು ಸಾಮಾನ್ಯರು, ಅವರ ಒಂದು ರಜಾದಿನ, ಕೆರೆಯ ದಂಡೆ, ಅಷ್ಟೇ ಕತೆ. ಬರವಣಿಗೆಯ ಕೆಲಸ ವೈಲ್ಡರನದು. ಆ ತಂಡದ ಹೆಸರುಗಳನ್ನು ಓದಿದರೆ ಮೈ ಜುಮ್ಮೆನ್ನುತ್ತದೆ: ರಾಬರ್ಟ್ ಸಿಯೊಡ್ಮಾಕ್, ಆತನ ತಮ್ಮ ಕರ್ಟ್, ಎಡ್ಗರ್ ಉಲ್ಮರ್, ಫ್ರೆಡ್ ಜಿನ್ನೆಮನ್, ಛಾಯಾಗ್ರಾಹಕ ಯೂಜೆನ್ ಷುಫ್ಟಾನ್. ಇವರೆಲ್ಲರೂ ಇಂದಲ್ಲ ನಾಳೆ ಅಟ್ಲಾಂಟಿಕ್ ದಾಟಿದವರು. ಆ ಕೆರೆಯ ದಂಡೆಯಲ್ಲಿ ಕುಳಿತಾಗ ಅವರಿಗೆ ಅದರ ಸುಳಿವೂ ಇರಲಿಲ್ಲ.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫೆಬ್ರುವರಿ 27ರ ರಾತ್ರಿ ಜರ್ಮನಿಯ ಸಂಸತ್ ಭವನ ಹೊತ್ತಿ ಉರಿಯಿತು. ಅದಾಗಿ ಕೆಲವೇ ದಿನಗಳಲ್ಲಿ ವೈಲ್ಡರ್ ಪ್ಯಾರಿಸ್ ರೈಲು ಹತ್ತಿದ್ದ. ಪ್ಯಾರಿಸ್ಸಿನ ಅನ್ಸೋನಿಯಾ ಎಂಬ ಅಗ್ಗದ ಹೋಟೆಲು ಅಂಥವರಿಂದಲೇ ತುಂಬಿತ್ತು. ನಟ ಪೀಟರ್ ಲೋರ್, ಸಂಗೀತಗಾರ ಫ್ರಾಂಜ್ ವಾಕ್ಸ್‌ಮನ್ ಎಲ್ಲರೂ ಅಲ್ಲಿದ್ದರು. ಅಲ್ಲಿಯೇ ವೈಲ್ಡರ್ ಮೊದಲ ಬಾರಿಗೆ, ಇನ್ನೊಬ್ಬನ ಜೊತೆಗೂಡಿ, ಚಿತ್ರವೊಂದನ್ನು ನಿರ್ದೇಶಿಸಿದ. ಅಷ್ಟರಲ್ಲಿ ಆತ ಬರೆದ ಕತೆಯೊಂದನ್ನು ಹಾಲಿವುಡ್ಡಿನ ಕೊಲಂಬಿಯಾ ಸಂಸ್ಥೆ ಕೊಂಡುಕೊಂಡಿತು. ಹಡಗಿನ ಟಿಕೆಟ್ ಬಂತು.

ಹೋದದ್ದು ಭೇಟಿಯ ವೀಸಾದ ಮೇಲೆ. ಅದರ ಅವಧಿ ಮುಗಿಯಿತು. ಅಲ್ಲಿನ ಆಗಿನ ಕಾನೂನಿನ ಪ್ರಕಾರ ಖಾಯಂ ನೆಲೆಸುವ ವೀಸಾಕ್ಕೆ ದೇಶದ ಹೊರಗಿನಿಂದಲೇ ಅರ್ಜಿ ಹಾಕಬೇಕಿತ್ತು. 1924ರ ಕಾನೂನು ಒಂದೊಂದು ದೇಶದಿಂದ ವರ್ಷಕ್ಕೆ ಇಷ್ಟೇ ಜನ ಎಂದು ಬೇರೆ ಕಟ್ಟುಹಾಕಿತ್ತು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿದ್ದ ನಿರಾಶ್ರಿತರು ಗಡಿ ದಾಟಿ ಮೆಕ್ಸಿಕೊದ ಸಣ್ಣ ಪೇಟೆಗಳಿಗೆ ಹೋಗಿ ಕಾಯುತ್ತಿದ್ದರು. ಕೆಲವರು ವಾರಗಟ್ಟಲೆ, ಕೆಲವರು ವರ್ಷಗಟ್ಟಲೆ. ವೈಲ್ಡರ್ ಹೋದದ್ದು ಮೆಕ್ಸಿಕಾಲಿಗೆ.

ಅಲ್ಲಿನ ಕತೆಯನ್ನು ಆತ 1988ರಲ್ಲಿ ಆಸ್ಕರ್ ಸಮಾರಂಭದ ವೇದಿಕೆಯ ಮೇಲೆ, ಥಾಲ್ಬರ್ಗ್ ಪ್ರಶಸ್ತಿ ಕೈಯಲ್ಲಿ ಹಿಡಿದು ಹೇಳಿದ. ಆಗ ಆತನಿಗೆ 81 ವರ್ಷ. ಕಾನ್ಸುಲ್ ಅಧಿಕಾರಿಗೆ ಕೊಡಬೇಕಾದ ದಾಖಲೆಗಳ ಪಟ್ಟಿ ಉದ್ದವಿತ್ತು. ಈತನ ಬಳಿ ಇದ್ದದ್ದು ಪಾಸ್‌ಪೋರ್ಟು, ಜನನಪತ್ರ, ಈತ ನಿರುಪದ್ರವಿ ಎಂದು ಪರಿಚಯದವರು ಬರೆದ ಒಂದೆರಡು ಕಾಗದ. ಉಳಿದದ್ದೆಲ್ಲಿ ಎಂದು ಅಧಿಕಾರಿ ಕೇಳಿದ. ಅವಸರದಲ್ಲಿ ಓಡಿಬಂದೆ, ಈಗ ಜರ್ಮನಿಗೆ ಬರೆದರೆ ಅವರು ಉತ್ತರ ಕೊಡುವುದಿಲ್ಲ, ಹಿಂದಿರುಗಿ ಹೋದರೆ ನನ್ನನ್ನು ಬಿಡುವುದಿಲ್ಲ ಎಂದು ಈತ ವಿವರಿಸಿದ. ಅಧಿಕಾರಿ ಸುಮ್ಮನೆ ನೋಡುತ್ತ ಕುಳಿತ. ಆಮೇಲೆ, ಏನು ಕೆಲಸ ಮಾಡುತ್ತೀಯ ಎಂದು ಕೇಳಿದ. ಸಿನಿಮಾ ಬರೆಯುತ್ತೇನೆ ಎಂದ ವೈಲ್ಡರ್. ಅಧಿಕಾರಿ ಎದ್ದು ಈತನ ಬೆನ್ನ ಹಿಂದೆ ಅತ್ತಿಂದಿತ್ತ ಅಡ್ಡಾಡಿದ. ಮರಳಿ ಬಂದು ಕುಳಿತು ಪಾಸ್‌ಪೋರ್ಟು ಬಿಚ್ಚಿ ಮೊಹರು ಹೊಡೆದು ಕೈಗಿತ್ತ. ಕೊಡುವಾಗ ಹೇಳಿದ್ದು ಒಂದೇ ಮಾತು: ಒಳ್ಳೆಯ ಸಿನಿಮಾ ಬರೆ.

ಅಂದಿನಿಂದ ಆ ಪುಣ್ಯಾತ್ಮನಿಗೆ ನಿರಾಸೆ ಮಾಡಬಾರದೆಂದು ಹೆಣಗಿದ್ದೇನೆ ಎಂದು ಮುದುಕ ಮಾತು ಮುಗಿಸಿದ. ನಾನು ಆ ಭಾಷಣದ ಚಿತ್ರಣವನ್ನು ಅದೆಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಫ್ರಾಯ್ಡ್ ಕತೆಯ ಹಾಗೆ ಇದಕ್ಕೂ ಸ್ವಲ್ಪ ಉಪ್ಪು ಖಾರ ಬಿದ್ದಿರಬಹುದು. ಬೀಳಲಿ. ಮೊಹರು ಬಿದ್ದದ್ದಂತೂ ಹೌದಲ್ಲ.

ಒಳಗೆ ಬಂದದ್ದಾಯಿತು, ಹೊಟ್ಟೆಗೇನು ಮಾಡುವುದು? ವಲಸೆ ಬಂದ ಸಿನಿಮಾದವರಲ್ಲಿ ಕ್ಯಾಮೆರಾದವನ ಬೆಳಕು ಎಲ್ಲ ದೇಶದಲ್ಲೂ ಬೆಳಕೇ. ಸಂಗೀತಗಾರನಿಗೂ ಚಿಂತೆಯಿಲ್ಲ. ನಟನಾದರೆ ಒರಟು ಉಚ್ಚಾರಣೆ ಇಟ್ಟುಕೊಂಡೇ ಖಳನ ಪಾತ್ರ ಮಾಡಬಹುದು. ಬರಹಗಾರನಿಗೆ ಮಾತ್ರ ಗಡಿ ದಾಟಿದ ಕ್ಷಣದಲ್ಲಿ ಕಸುಬೇ ಕೈಬಿಟ್ಟುಹೋಗುತ್ತದೆ. ಹೈನ್ರಿಖ್ ಮಾನ್, ಆಲ್ಫ್ರೆಡ್ ಡೋಬ್ಲಿನ್ ಅಂಥ ಘನ ಜರ್ಮನ್ ಕಾದಂಬರಿಕಾರರು ಮುಂದೆ ಇದೇ ಹಾಲಿವುಡ್ಡಿನ ಸ್ಟುಡಿಯೋಗಳ ಸಂಬಳದ ಪಟ್ಟಿಯಲ್ಲಿ ಒಂದಷ್ಟು ಕಾಲ ಇದ್ದು, ತಮ್ಮ ಹೆಸರು ತೆರೆಯ ಮೇಲೆ ಬಾರದೆಯೇ ಹೊರಬಿದ್ದರು. ಅವರಿಗೆ ಪ್ರತಿಭೆಯ ಕೊರತೆಯೇ? ಇಂಗ್ಲಿಷ್ ಕೈಗೆ ಹತ್ತಲಿಲ್ಲ, ಆ ವಯಸ್ಸಿನಲ್ಲಿ ಹತ್ತುವಂತೆಯೂ ಇರಲಿಲ್ಲ.

ವೈಲ್ಡರ್ ಮಾಡಿದ್ದು ವರದಿಗಾರನ ಕೆಲಸ. ಜರ್ಮನ್ ಮಾತಾಡುವ ನಿರಾಶ್ರಿತರ ಕಾಫಿ ಮೇಜಿನಲ್ಲೇ ಕಾಲ ಕಳೆಯಲಿಲ್ಲ. ರೇಡಿಯೋದಲ್ಲಿ ಬೇಸ್‌ಬಾಲ್ ವೀಕ್ಷಕ ವಿವರಣೆ ಕೇಳಿದ, ಧಾರಾವಾಹಿ ಕೇಳಿದ, ಅಮೆರಿಕನ್ನರ ಬೈಗುಳ, ಜಾಹೀರಾತು, ಬೀದಿಮಾತು ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡ. ಹುಟ್ಟಿನಿಂದ ಭಾಷೆ ಬಂದವನಿಗೆ ಗಾದೆ ಸವೆದ ನಾಣ್ಯ, ಮುಖ ನೋಡದೆ ಖರ್ಚು ಮಾಡುತ್ತಾನೆ. ತಡವಾಗಿ ಕಲಿತವನು ತಿರುಗಿಸಿ ನೋಡುತ್ತಾನೆ. ವೈಲ್ಡರನ ಸಂಭಾಷಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು ತಟಕ್ಕನೆ ಹೊಸ ಅರ್ಥ ಕೊಡುವುದು ಹೀಗೆ.

ಆದರೂ ತನ್ನ ಕಿವಿಯನ್ನು ಆತ ಪೂರ್ತಿ ನಂಬಲಿಲ್ಲ. ಇದನ್ನು ಒತ್ತಿ ಹೇಳಬೇಕು. ಅಮೆರಿಕದಲ್ಲಿ ವೈಲ್ಡರ್ ಒಬ್ಬನೇ ಕುಳಿತು ಬರೆದು ನಿರ್ದೇಶಿಸಿದ ಚಿತ್ರ ಒಂದೂ ಇಲ್ಲ. ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬ ಇರುತ್ತಿದ್ದ. 1936ರಲ್ಲಿ ಪ್ಯಾರಾಮೌಂಟ್ ಸ್ಟುಡಿಯೋದವರು ಈತನಿಗೆ ಚಾರ್ಲ್ಸ್ ಬ್ರಾಕೆಟ್‌ನನ್ನು ಜೋಡಿ ಮಾಡಿದರು. ಬ್ರಾಕೆಟ್ ಹಾರ್ವರ್ಡಿನಲ್ಲಿ ಕಾನೂನು ಓದಿದ ಮೇಲ್ವರ್ಗದ ಗೃಹಸ್ಥ, ಪ್ರತಿಷ್ಠಿತ 'ನ್ಯೂಯಾರ್ಕರ್' ವಾರಪತ್ರಿಕೆಯ ನಾಟಕ ವಿಮರ್ಶಕನಾಗಿದ್ದವನು. ಆತ ಸೋಫಾದ ಮೇಲೆ ಒರಗಿ ಹಳದಿ ಹಾಳೆಯ ಮೇಲೆ ಬರೆಯುವುದು, ಈತ ಕೈಯಲ್ಲೊಂದು ಬೆತ್ತ ತಿರುಗಿಸುತ್ತ ಕೋಣೆಯಲ್ಲಿ ಶತಪಥ ಹಾಕುವುದು. ಇಬ್ಬರ ಜಗಳ ಸ್ಟುಡಿಯೋದಲ್ಲೆಲ್ಲ ಪ್ರಸಿದ್ಧವಾಗಿತ್ತು. ಹದಿನಾಲ್ಕು ವರ್ಷ ಹಾಗೆ ಜಗಳವಾಡುತ್ತಲೇ ಬರೆದರು. ಇವರು ಕೂಡಿ ಬರೆದ ಮೊದಲ ಚಿತ್ರದಲ್ಲೇ ಗಂಡಸೊಬ್ಬ ಅಂಗಡಿಗೆ ಹೋಗಿ ಪೈಜಾಮ ಜೋಡಿಯ ಮೇಲಂಗಿ ಮಾತ್ರ ಸಾಕು ಎಂದು ಹಟ ಹಿಡಿಯುತ್ತಾನೆ, ಆಗ ಕೆಳಗಿನದು ಮಾತ್ರ ಸಾಕೆನ್ನುವ ಹೆಂಗಸೊಬ್ಬಳು ಅಲ್ಲಿಗೆ ಬರುತ್ತಾಳೆ. ಅದನ್ನು ನಿರ್ದೇಶಿಸಿದ್ದು ಅರ್ನ್ಸ್ಟ್ ಲುಬಿಚ್. ಆತನೂ ಬರ್ಲಿನ್ನಿನವನೇ, ಹಿಟ್ಲರನಿಗಿಂತ ಎಷ್ಟೋ ಮೊದಲು ಅಮೆರಿಕ ಸೇರಿದವನು. ಲುಬಿಚ್ ಇದನ್ನು ಹೇಗೆ ಮಾಡುತ್ತಿದ್ದ ಎಂಬ ಪ್ರಶ್ನೆ ಬರೆದ ಫಲಕ ವೈಲ್ಡರನ ಕಚೇರಿ ಗೋಡೆಯ ಮೇಲೆ ಕೊನೆಯವರೆಗೂ ಇತ್ತು.

ಬರಹಗಾರ ನಿರ್ದೇಶಕನಾದ ಕಾರಣ ಒಂದು ಜಿರಲೆ ಎಂದರೆ ನಗುತ್ತೀರಿ. 1941ರಲ್ಲಿ ವೈಲ್ಡರ್ ಮತ್ತು ಬ್ರಾಕೆಟ್ 'ಹೋಲ್ಡ್ ಬ್ಯಾಕ್ ದ ಡಾನ್' ಬರೆದರು. ಮೆಕ್ಸಿಕೊ ಗಡಿಯ ಪೇಟೆಯೊಂದರ ಕೊಳಕು ಹೋಟೆಲಿನಲ್ಲಿ ಅಮೆರಿಕದ ವೀಸಾಕ್ಕಾಗಿ ಕಾಯುತ್ತ ಕೊಳೆಯುವ ಯುರೋಪಿಯನ್ ಒಬ್ಬನ ಕತೆ. ಕತೆ ಬೇರೆಯವರದು, ಆದರೆ ಆ ಕೋಣೆ ವೈಲ್ಡರನಿಗೆ ಗೊತ್ತಿದ್ದ ಕೋಣೆ. ಒಂದು ದೃಶ್ಯದಲ್ಲಿ ಹಾಸಿಗೆಯ ಮೇಲೆ ಬಿದ್ದುಕೊಂಡ ನಾಯಕ ಗೋಡೆಯ ಮೇಲೆ ಹರಿಯುವ ಜಿರಲೆಯನ್ನು ಬೆತ್ತದಿಂದ ತಡೆದು, ಎಲ್ಲಿಗೆ ಹೊರಟೆ, ನಿನ್ನ ವೀಸಾ ಎಲ್ಲಿ ಎಂದು ಅಧಿಕಾರಿಯ ಗತ್ತಿನಲ್ಲಿ ಕೇಳಬೇಕು. ನಾಯಕನಟ ಚಾರ್ಲ್ಸ್ ಬಾಯರ್, ಉತ್ತರ ಕೊಡಲಾರದ ಜಿರಲೆಯ ಜೊತೆ ನಾನು ಮಾತಾಡುವುದಿಲ್ಲ ಎಂದ. ನಿರ್ದೇಶಕ ಮಿಚೆಲ್ ಲೈಸೆನ್ ಆಗಲಿ ಬಿಡಿ ಎಂದು ದೃಶ್ಯ ತೆಗೆದುಹಾಕಿದ. ವೈಲ್ಡರ್ ಉರಿದುಬಿದ್ದ. ಜಿರಲೆಯ ಜೊತೆ ಮಾತಾಡದವನು ಯಾರ ಜೊತೆಗೂ ಮಾತಾಡುವುದು ಬೇಡ ಎಂದು, ಇನ್ನೂ ಬರೆಯುತ್ತಿದ್ದ ಕೊನೆಯ ಭಾಗದಲ್ಲಿ ಬಾಯರನ ಮಾತುಗಳಿಗೆ ಕತ್ತರಿ ಹಾಕಿಸಿದನಂತೆ. ತಮಾಷೆ ಒತ್ತಟ್ಟಿಗಿರಲಿ, ನಟನಿಗೆ ಅದು ಒಂದು ಹುಳ. ಬರೆದವನಿಗೆ ತಾನು ಮೆಕ್ಸಿಕಾಲಿಯಲ್ಲಿ ಕಾದದ್ದರ ಅವಮಾನವೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಇನ್ನು ನನ್ನ ಸಾಲನ್ನು ನಾನೇ ಕಾಯಬೇಕು ಎಂದು ಆತ ನಿರ್ದೇಶನಕ್ಕಿಳಿದ. 1942ರ 'ದ ಮೇಜರ್ ಅಂಡ್ ದ ಮೈನರ್' ಹಾಲಿವುಡ್ಡಿನಲ್ಲಿ ಆತನ ಮೊದಲ ಚಿತ್ರ.

ಮುಂದಿನ ಹೆಸರುಗಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. 1944ರ 'ಡಬಲ್ ಇಂಡೆಮ್ನಿಟಿ' ವಿಮೆ ಹಣಕ್ಕಾಗಿ ಗಂಡನನ್ನು ಕೊಲ್ಲಿಸುವ ಹೆಂಡತಿಯ ಕತೆ. ಬ್ರಾಕೆಟ್ ಈ ಹೊಲಸಿಗೆ ಕೈ ಹಾಕುವುದಿಲ್ಲವೆಂದಾಗ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಜೊತೆ ಕುಳಿತು ಬರೆದದ್ದು. 1945ರ 'ದ ಲಾಸ್ಟ್ ವೀಕೆಂಡ್' ಕುಡುಕ ಬರಹಗಾರನೊಬ್ಬನ ನಾಲ್ಕು ದಿನ. ಅದಕ್ಕೆ ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ನಟ ಎಂದು ನಾಲ್ಕು ಆಸ್ಕರ್ ಬಂತು. 1950ರ 'ಸನ್‌ಸೆಟ್ ಬುಲೆವಾರ್ಡ್' ಮೂಕಿಯುಗದ ಮರೆತುಹೋದ ತಾರೆಯೊಬ್ಬಳ ಕತೆ. ಅದನ್ನು ಖಾಸಗಿಯಾಗಿ ತೋರಿಸಿದ ದಿನ ಎಂಜಿಎಂ ಸಂಸ್ಥೆಯ ದೊರೆ ಲೂಯಿ ಬಿ. ಮೇಯರ್, ಅನ್ನ ಕೊಟ್ಟ ಉದ್ಯಮಕ್ಕೇ ಮಸಿ ಬಳಿದೆ, ನಿನಗೆ ಡಾಂಬರು ಹಚ್ಚಿ ಊರು ಬಿಟ್ಟು ಓಡಿಸಬೇಕು ಎಂದು ವೈಲ್ಡರನ ಮೇಲೆ ಎಲ್ಲರೆದುರು ಕೂಗಾಡಿದ. ವೈಲ್ಡರ್ ಕೊಟ್ಟ ಉತ್ತರ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಮೇಯರ್ ಕೂಡ ರಷ್ಯಾ ಸಾಮ್ರಾಜ್ಯದಿಂದ ತಂದೆತಾಯಿಯ ಕೈಹಿಡಿದು ಬಂದ ಯಹೂದಿ ಬಾಲಕನೇ. ಮೊದಲು ಬಂದ ವಲಸೆಗಾರ ಆಮೇಲೆ ಬಂದವನಿಗೆ ಊರು ಬಿಡು ಎನ್ನುವುದು ಅಮೆರಿಕದಲ್ಲಿ ಮಾತ್ರ ನಡೆಯುವುದಲ್ಲ ಬಿಡಿ.

ಈಗ ನನ್ನ ಕಸುಬಿಗೆ ತಾಗುವ ಚಿತ್ರ. 1951ರ 'ಏಸ್ ಇನ್ ದ ಹೋಲ್'. ದೊಡ್ಡ ನಗರಗಳ ಪತ್ರಿಕೆಗಳಿಂದ ಒದೆಸಿಕೊಂಡ ಚಕ್ ಟೇಟಮ್ ಎಂಬ ವರದಿಗಾರ ಸಣ್ಣ ಊರಿನ ಪತ್ರಿಕೆಗೆ ಬಂದು ಸೇರುತ್ತಾನೆ. ಆ ಕಚೇರಿಯ ಗೋಡೆಯ ಮೇಲೆ ಸತ್ಯವನ್ನೇ ಹೇಳು ಎಂದು ಕಸೂತಿ ಹಾಕಿದ ಬಟ್ಟೆಗೆ ಚೌಕಟ್ಟು ಕಟ್ಟಿಸಿ ತೂಗುಹಾಕಿದ್ದಾರೆ. ಗುಹೆಯೊಂದರಲ್ಲಿ ಮನುಷ್ಯನೊಬ್ಬ ಸಿಕ್ಕಿಬಿದ್ದಿದ್ದಾನೆ ಎಂಬ ಸುದ್ದಿ ಟೇಟಮ್‌ಗೆ ಸಿಗುತ್ತದೆ. ಒಳಗಿನ ಗೋಡೆಗೆ ಆಧಾರ ಕೊಟ್ಟು ಹೋದರೆ ಒಂದು ದಿನದೊಳಗೆ ಹೊರತೆಗೆಯಬಹುದು. ಅಷ್ಟು ಬೇಗ ಮುಗಿದರೆ ಸುದ್ದಿ ಏನಾಗಬೇಕು? ಚುನಾವಣೆ ಎದುರಿಗಿರುವ ಷರೀಫನನ್ನು ಒಪ್ಪಿಸಿ, ಬೆಟ್ಟದ ನೆತ್ತಿಯಿಂದ ಕೊರೆಯುವ ಕೆಲಸ ಶುರುಮಾಡಿಸುತ್ತಾನೆ. ಅದಕ್ಕೆ ಒಂದು ವಾರ ಬೇಕು. ಜನ ಸೇರುತ್ತಾರೆ, ಅಂಗಡಿಗಳು ಏಳುತ್ತವೆ, ತಿರುಗುವ ತೊಟ್ಟಿಲು ಬರುತ್ತದೆ. ಗುಹೆಯ ಬಳಿ ಹೋಗಲು ಮೊದಲು ಪುಕ್ಕಟೆ, ಆಮೇಲೆ 25 ಸೆಂಟು, 50 ಸೆಂಟು, ಕೊನೆಗೆ ಒಂದು ಡಾಲರು. ಒಳಗಿದ್ದವನು ಸಾಯುತ್ತಾನೆ.

ಮೂರು ವರ್ಷಗಳ ಹಿಂದೆ ಕೊಳವೆಬಾವಿಗೆ ಬಿದ್ದ ಮಗುವೊಂದರ ವರದಿಗೆ ನಾನು ಹೋಗಿದ್ದೆ. ಊರಿನ ಹೆಸರು ಬೇಡ. ಜೆಸಿಬಿಗಳು ಪಕ್ಕದಲ್ಲಿ ಗುಂಡಿ ತೋಡುತ್ತಿದ್ದವು. ಎರಡನೆಯ ದಿನಕ್ಕೆ ಹೊಲದ ಬದುವಿನ ಮೇಲೆ ಚುರುಮುರಿ, ಕಡಲೆಕಾಯಿ, ಐಸ್‌ಕ್ಯಾಂಡಿ ಬಂದಿದ್ದವು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜನ ನೋಡುತ್ತಿದ್ದರು. ಅದೆಲ್ಲ ನನಗೆ ಅಸಹ್ಯವಾಗಿ ಕಂಡಿತು, ಹಾಗೆಂದು ವರದಿಯಲ್ಲಿ ಬರೆದೆ ಕೂಡ. ಬರೆಯದೆ ಬಿಟ್ಟದ್ದು ಒಂದಿದೆ. ಸಂಜೆ ಪುಟ ಕಟ್ಟುವವರು ಫೋನು ಮಾಡಿ ಇನ್ನೆಷ್ಟು ಹೊತ್ತಾಗಬಹುದು ಎಂದು ಕೇಳಿದಾಗ, ರಾತ್ರಿ ಹನ್ನೊಂದರೊಳಗೆ ತೆಗೆದರೆ ಎಲ್ಲ ಆವೃತ್ತಿಗೂ ಸಿಗುತ್ತದೆ, ತಡವಾದರೆ ನಗರ ಆವೃತ್ತಿಗೆ ಮಾತ್ರ ಎಂದು ನನ್ನ ತಲೆ ಲೆಕ್ಕ ಹಾಕಿತ್ತು. ಮಗು ಉಳಿಯಲಿಲ್ಲ. ಕೆಲವು ತಿಂಗಳ ನಂತರ 'ಏಸ್ ಇನ್ ದ ಹೋಲ್' ನೋಡಿದೆ. ಚಿತ್ರ ಅರ್ಧಕ್ಕೆ ನಿಲ್ಲಿಸಿ ಎದ್ದುಹೋಗಿ, ಮರುದಿನ ಉಳಿದದ್ದು ನೋಡಿದೆ.

ಬಿಡುಗಡೆಯಾದಾಗ ಅಮೆರಿಕದ ಪತ್ರಿಕೆಗಳು ಈ ಚಿತ್ರವನ್ನು ಹರಿದು ಹಾಕಿದವು. ಪತ್ರಕರ್ತರು ಹೀಗಿರುವುದಿಲ್ಲ ಎಂದವು. ಜನವೂ ನೋಡಲಿಲ್ಲ. ಹೊರಗಿನವನು ಬಂದು ನಮ್ಮನ್ನು ಹೀಗೆ ತೋರಿಸುವುದೆ ಎಂಬ ಅಸಮಾಧಾನವೂ ಅದರಲ್ಲಿತ್ತು ಎಂದು ನನಗನ್ನಿಸುತ್ತದೆ. ಆದರೆ ವಿಯೆನ್ನಾದ ಆ ಗಾಳಿಸುದ್ದಿ ಪತ್ರಿಕೆಯಲ್ಲಿ ಹುಡುಗನಾಗಿ ಕೆಲಸ ಮಾಡಿದವನಿಗೆ ಟೇಟಮ್ ಹೊರಗಿನವನಾಗಿರಲು ಸಾಧ್ಯವೇ ಇಲ್ಲ.

ಬ್ರಾಕೆಟ್ ಜೊತೆ 'ಸನ್‌ಸೆಟ್ ಬುಲೆವಾರ್ಡ್' ನಂತರ ಮುರಿದಿತ್ತು. 1957ರಿಂದ ಐ.ಎ.ಎಲ್. ಡೈಮಂಡ್ ಜೊತೆಯಾದ. ಆತ ರುಮೇನಿಯಾದಲ್ಲಿ ಹುಟ್ಟಿ ಬಾಲ್ಯದಲ್ಲಿ ನ್ಯೂಯಾರ್ಕಿಗೆ ಬಂದವನು. ಹೀಗೆ ಇಬ್ಬರು ವಲಸೆಗಾರರು ಕೂಡಿ ಹನ್ನೆರಡು ಚಿತ್ರ ಬರೆದರು. 'ಸಮ್ ಲೈಕ್ ಇಟ್ ಹಾಟ್' ಅವುಗಳಲ್ಲೊಂದು. ಅದರ ಕೊನೆಯಲ್ಲಿ ಹೆಣ್ಣುವೇಷದವನು ರೋಸಿ ವಿಗ್ ಕಿತ್ತೆಸೆದು ನಾನು ಗಂಡಸು ಎಂದಾಗ, ಮದುವೆಯಾಗಲು ಹೊರಟ ಮುದುಕ ಯಾರೂ ಪರಿಪೂರ್ಣರಲ್ಲ ಎಂದುಬಿಡುತ್ತಾನೆ. ಸಿನಿಮಾ ಚರಿತ್ರೆಯ ಪ್ರಸಿದ್ಧ ಕೊನೆಮಾತು. ಅದು ಡೈಮಂಡ್ ಕೊಟ್ಟದ್ದು. ಸದ್ಯಕ್ಕೆ ಇರಲಿ, ಒಳ್ಳೆಯದು ಹೊಳೆದರೆ ಬದಲಿಸೋಣ ಎಂದು ಇಟ್ಟದ್ದು ಹಾಗೆಯೇ ಉಳಿಯಿತು. ಮರುವರ್ಷ, 1960ರಲ್ಲಿ, 'ದ ಅಪಾರ್ಟ್‌ಮೆಂಟ್' ಬಂತು. ಬಡ್ತಿಯ ಆಸೆಗೆ ತನ್ನ ಮನೆಯ ಬೀಗದಕೈಯನ್ನು ಮೇಲಧಿಕಾರಿಗಳ ಕಳ್ಳ ಪ್ರಣಯಕ್ಕೆ ಎರವಲು ಕೊಡುವ ವಿಮಾ ಕಂಪನಿಯ ಗುಮಾಸ್ತನ ಕತೆ. ಕೊನೆಯೇ ಕಾಣದಂಥ ಆ ಕಚೇರಿಯನ್ನು ತೋರಿಸಲು ಹಿಂದೆ ಹಿಂದೆ ಹೋದಂತೆ ಮೇಜುಗಳನ್ನು ಚಿಕ್ಕದಾಗಿ ಮಾಡಿಸಿದರು. ಒಂದೇ ರಾತ್ರಿ ವೈಲ್ಡರ್ ಕೈಗೆ ಮೂರು ಆಸ್ಕರ್ ಬಂತು. ಅದೇ ಶಿಖರ. 1961ರಲ್ಲಿ ಬರ್ಲಿನ್ನಿನಲ್ಲಿ ಹಾಸ್ಯಚಿತ್ರವೊಂದರ ಚಿತ್ರೀಕರಣ ನಡೆಯುವಾಗಲೇ ಆಗಸ್ಟಿನಲ್ಲಿ ಗೋಡೆ ಎದ್ದಿತು, ಮ್ಯೂನಿಕ್ಕಿನಲ್ಲಿ ಬ್ರಾಂಡನ್‌ಬರ್ಗ್ ದ್ವಾರದ ಪ್ರತಿಕೃತಿ ಕಟ್ಟಿ ಮುಗಿಸಬೇಕಾಯಿತು. ಆಮೇಲಿನ ಚಿತ್ರಗಳು ಏಳುತ್ತ ಬೀಳುತ್ತ ಸಾಗಿ 1981ಕ್ಕೆ ನಿಂತವು.

ತಾಯಿಯ ವಿಷಯ ಬಾಕಿ ಉಳಿಯಿತು.

ತಂದೆ 1928ರಲ್ಲೇ ತೀರಿಹೋಗಿದ್ದ, ತಾಯಿ ಮರುಮದುವೆಯಾಗಿದ್ದಳು. ಅಮೆರಿಕ ಸೇರಿದ ಮೇಲೆ 1930ರ ದಶಕದ ನಡುವಿನಲ್ಲಿ ವೈಲ್ಡರ್ ಒಮ್ಮೆ ವಿಯೆನ್ನಾಕ್ಕೆ ಹೋಗಿ ಆಕೆಯನ್ನು ಕಂಡು ಬಂದ. ಮಗನಿಗೆ ಅಮೆರಿಕದ ಹೆಸರಿಟ್ಟ ಆಕೆ ಅಮೆರಿಕಕ್ಕೆ ಬರಲಿಲ್ಲ. ಯುದ್ಧ ಬಂತು. 1945ರಲ್ಲಿ ವೈಲ್ಡರ್ ಅಮೆರಿಕದ ಸೈನ್ಯದ ಕರ್ನಲ್ ಸಮವಸ್ತ್ರದಲ್ಲಿ ಜರ್ಮನಿಗೆ ಹೋದ. ಜರ್ಮನ್ ಸಿನಿಮಾ ಉದ್ಯಮವನ್ನು ಮತ್ತೆ ನಿಲ್ಲಿಸುವುದು ಹೇಗೆಂದು ನೋಡುವ ಕೆಲಸ. ಜೊತೆಗೆ, ಸೈನ್ಯದ ಕ್ಯಾಮೆರಾಗಳು ನಾಜಿ ಶಿಬಿರಗಳಲ್ಲಿ ಚಿತ್ರೀಕರಿಸಿದ್ದ ರೀಲುಗಳಿಂದ 'ಸಾವಿನ ಗಿರಣಿಗಳು' ಎಂಬ ಅರ್ಥದ ಹೆಸರಿನ 22 ನಿಮಿಷಗಳ ಸಾಕ್ಷ್ಯಚಿತ್ರವನ್ನು ಸಂಕಲನ ಮಾಡಿಸಿದ, ಜರ್ಮನ್ನರಿಗೇ ತೋರಿಸಲೆಂದು. ದಿನಗಟ್ಟಲೆ ಆ ಹೆಣಗಳ ರಾಶಿಯನ್ನು ಮತ್ತೆ ಮತ್ತೆ ಓಡಿಸಿ ನೋಡುವ ಕೆಲಸ. ತಾಯಿ ಎಲ್ಲಿ ಎಂಬುದಕ್ಕೆ ಉತ್ತರ ಸಿಗಲಿಲ್ಲ. ಔಷ್ವಿಟ್ಜ್ ಶಿಬಿರದಲ್ಲಿ ಸತ್ತಿರಬೇಕು ಎಂದೇ ಕೊನೆಯವರೆಗೂ ನಂಬಿದ್ದ.

1953ರ 'ಸ್ಟಾಲಾಗ್ 17' ಜರ್ಮನ್ ಕೈದಿಶಿಬಿರದ ಚಿತ್ರ. ಅಮೆರಿಕನ್ ಕೈದಿಗಳ ನಡುವೆ ಅಡಗಿದ್ದ ಗೂಢಚಾರ ಜರ್ಮನ್. ಅದನ್ನು ಜರ್ಮನಿಯಲ್ಲಿ ಬಿಡುಗಡೆ ಮಾಡುವಾಗ ಗೂಢಚಾರನನ್ನು ಪೋಲೆಂಡಿನವನೆಂದು ಬದಲಿಸೋಣ, ವ್ಯಾಪಾರಕ್ಕೆ ಒಳ್ಳೆಯದು ಎಂದು ಪ್ಯಾರಾಮೌಂಟ್ ಅಧಿಕಾರಿಯೊಬ್ಬ ಸಲಹೆ ಕೊಟ್ಟ. ವೈಲ್ಡರ್ ಕ್ಷಮಾಪಣೆ ಕೇಳಿದ. ಬರಲಿಲ್ಲ. ಹದಿನೆಂಟು ವರ್ಷ ದುಡಿದ ಸ್ಟುಡಿಯೋ ಬಿಟ್ಟು ಹೊರನಡೆದ. ಎಲ್ಲವನ್ನೂ ಚಟಾಕಿ ಹಾರಿಸಿ ತೇಲಿಸುವ ಮನುಷ್ಯ ಇಲ್ಲಿ ಮಾತ್ರ ನಗಲಿಲ್ಲ.

ಚಿತ್ರಗಳು ನಿಂತ ಮೇಲೂ ಒಂದು ಆಸೆ ಇತ್ತು. ಥಾಮಸ್ ಕೆನೀಲಿ 1982ರಲ್ಲಿ ಬರೆದ ಕಾದಂಬರಿಯೊಂದನ್ನು ತೆರೆಗೆ ತರಬೇಕು, ಅದೇ ನನ್ನ ಕೊನೆಯ ಚಿತ್ರ, ಸತ್ತುಹೋದ ನನ್ನ ಮನೆಯವರ ಸ್ಮರಣೆಗೆ ಎಂದು. ಹಕ್ಕು ಆಗಲೇ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಹೋಗಿತ್ತು. ಅದೇ 1993ರ 'ಷಿಂಡ್ಲರ್ಸ್ ಲಿಸ್ಟ್'. ವೈಲ್ಡರ್ ಅದನ್ನು ಮನಸಾರೆ ಹೊಗಳಿದ. ಅಂಥ ಶಿಬಿರಗಳು ಇರಲೇ ಇಲ್ಲ, ಎಲ್ಲ ಕಟ್ಟುಕತೆ ಎನ್ನುವವರಿಗೆ ಆತ ಕೇಳಿದ್ದು ಒಂದೇ ಪ್ರಶ್ನೆ: ಹಾಗಾದರೆ ನನ್ನ ತಾಯಿ ಎಲ್ಲಿ?

2002ರ ಮಾರ್ಚ್ 27ರಂದು, 95ನೆಯ ವಯಸ್ಸಿನಲ್ಲಿ, ಬಿಲ್ಲಿ ವೈಲ್ಡರ್ ತೀರಿಕೊಂಡ. ಒಂಬತ್ತು ವರ್ಷಗಳ ನಂತರ ಇಬ್ಬರು ಸಂಶೋಧಕರು ಹಳೆಯ ದಾಖಲೆಗಳನ್ನು ಕೆದಕಿದಾಗ ಉತ್ತರ ಸಿಕ್ಕಿತು. ಮಲತಂದೆ 1942ರಲ್ಲಿ ಬೆಲ್ಜೆಕ್ ಶಿಬಿರದಲ್ಲಿ. ಅಜ್ಜಿ 1943ರಲ್ಲಿ ಪೋಲೆಂಡಿನ ಒಂದು ಯಹೂದಿ ಕೇರಿಯಲ್ಲಿ. ತಾಯಿ ಔಷ್ವಿಟ್ಜ್‌ನಲ್ಲಲ್ಲ. ಆಕೆ 1943ರಲ್ಲಿ ಸತ್ತದ್ದು ಕ್ರಾಕೋವ್ ನಗರದ ಅಂಚಿನ ಪ್ಲಾಶೊವ್ ಶಿಬಿರದಲ್ಲಿ. 'ಷಿಂಡ್ಲರ್ಸ್ ಲಿಸ್ಟ್' ಚಿತ್ರದಲ್ಲಿ ನೀವು ನೋಡಿದ್ದೀರಲ್ಲ, ಅದೇ ಶಿಬಿರ.